ಕೆಂಡದ ಬೋಗುಣಿ

ಮಗಳ ಹೆರಿಗೆಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಸಗರದ ಮುದುಕಮ್ಮ ಕಾಲುವೆಯ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈ ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಬಿಗಿದು, ಎರಡು ತಿಂಗಳು ಒಂದು ತಂಬಿಗೆಯನ್ನೂ ಎತ್ತಕೂಡದು ಎಂದು ಹೇಳಿಹೋದ. ಮುದುಕಮ್ಮನನ್ನು ನೋವಿಗಿಂತ ಹೆಚ್ಚು ಹಿಂಡಿದ್ದು ಬೇರೆಯೇ ಚಿಂತೆ. ಸುರಪುರಕ್ಕೆ ಕೊಟ್ಟ ಒಬ್ಬಳೇ ಮಗಳು ಗೊಲ್ಲಾಳಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೂತಿದ್ದಳು. ಬಾಣಂತಿಗೆ ಎಣ್ಣೆ ತಿಕ್ಕಬೇಕು, ಹಂಡೆಗಟ್ಟಲೆ ಬಿಸಿನೀರು ಹಾಕಬೇಕು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು, ಹೊತ್ತುಹೊತ್ತಿಗೆ ಬಿಸಿರೊಟ್ಟಿ ಬಡಿಯಬೇಕು. ಆ ಮನೆಯಲ್ಲಿ ಎರಡೂ ಕೈ ನೆಟ್ಟಗಿದ್ದ ಹೆಂಗಸು ಇನ್ನೊಬ್ಬಳೇ, ಸೊಸೆ ಮರಿಲಿಂಗಮ್ಮ.

ಮರಿಲಿಂಗಮ್ಮನ ಕೈಗೆ ಕೂಸು ಕೊಡಬಾರದು ಎಂದು ಮೂರು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದವಳೂ ಇದೇ ಮುದುಕಮ್ಮ.

“ಓಣ್ಯಾಗಿನ ಶರೀಫಾಬೀಗೆ ಹೇಳ್ತೀನಿ. ಬಂದು ಎರದು ಹೋಗ್ತಾಳ,” ಅಂದಳು ಆಕೆ, ಎಡಗೈಯಲ್ಲಿ ರೊಟ್ಟಿ ಮುರಿಯಲು ಹೆಣಗುತ್ತ.

“ಶರೀಫಾಬೀ ಮುಂಜಾನಿ ಒಂದ್ ತಾಸು ಬರ್ತಾಳ. ಉಳಿದ ಹೊತ್ತಿಗೆ ಯಾರು?” ಮಗ ಖಂಡಪ್ಪ ತಾಟಿನಿಂದ ತಲೆ ಎತ್ತಲಿಲ್ಲ. “ಮನ್ಯಾಗ ಮರಿಲಿಂಗಿ ಅದಾಳಲ್ಲ.”

“ಅಕಿ ಕೈಯಾಗ ಕೂಸು ಕೊಡ್ಲೇನು?”

ಖಂಡಪ್ಪ ಸುಮ್ಮನಾದ. ಇಂಥ ಹೊತ್ತಿನಲ್ಲಿ ಸುಮ್ಮನಾಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮರಿಲಿಂಗಮ್ಮನ ಕೈ ಮಾತ್ರ ನಿಲ್ಲಲಿಲ್ಲ.

“ಕೊಡ್ರಿ ಅತ್ತಿ,” ಅಂದಳು. “ನಾ ಮಾಡ್ತೀನಿ. ನೀವು ಎದುರಿಗೆ ಕುಂತು ನೋಡ್ರಿ. ತಪ್ಪಾದ್ರ ಹೇಳ್ರಿ.”

ಒಳ್ಳೆಯ ಮನಸ್ಸಿನಿಂದ ಆಡಿದ ಮಾತಲ್ಲ ಅದು. ತನಗೆ ಸಿಗದ ಒಂದೊಂದನ್ನೂ ಆ ಮುದುಕಿಯ ಕಣ್ಣೆದುರು ಅವಳ ಮಗಳಿಗೇ ಮಾಡಿ ತೋರಿಸಬೇಕು, ನೋಡಿ ನೋಡಿ ಅವಳ ಕಣ್ಣು ಉರಿಯಬೇಕು, ಇಷ್ಟೇ ಆಗ ಮರಿಲಿಂಗಮ್ಮನ ತಲೆಯಲ್ಲಿದ್ದದ್ದು.

ಅವಳ ಬಾಣಂತನದ ಕಥೆ ಹೇಳಲು ಬಹಳ ಹೊತ್ತು ಬೇಡ, ಏಕೆಂದರೆ ಅದು ನಡೆದದ್ದೇ ಎಂಟು ದಿನ. ತಾಯಿ ಚಿಕ್ಕಂದಿನಲ್ಲೇ ತೀರಿಹೋಗಿ ತವರೆಂಬುದು ಇರಲಿಲ್ಲವಾದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಕಾಲುವೆಗೆ ನೀರು ಬಂದು ಆಗಿನ್ನೂ ಎರಡನೇ ವರ್ಷ. ಜೋಳ ಬಿತ್ತುತ್ತಿದ್ದ ಹೊಲಗಳನ್ನೆಲ್ಲ ಜನ ಗದ್ದೆ ಮಾಡುತ್ತಿದ್ದರು, ಎಲ್ಲರಿಗೂ ಒಂದೇ ವಾರ ನಾಟಿ ಬಂದು ಆಳು ಸಿಗುತ್ತಿರಲಿಲ್ಲ. “ನೀರಿನ ಪಾಳಿ ನಮ್ಮದು ಬಂದದ. ಅಗಿ ಕೀಳಾಕ ನಡಿ. ಕೂಸು ನಾ ನೋಡ್ಕೋತೀನಿ,” ಅಂದಿದ್ದಳು ಮುದುಕಮ್ಮ ಒಂಬತ್ತನೆಯ ದಿನ. ಹಸಿ ಬಾಣಂತಿ ಮೂರು ದಿನ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ಕಿತ್ತಳು. ಮೂರನೆಯ ದಿನ ಹೊತ್ತು ಮುಳುಗುವಾಗ ಬಂದು ಕೂಸಿಗೆ ಮೊಲೆ ಕೊಟ್ಟರೆ ಅದು ಬಾಯಿ ತೆರೆಯಲಿಲ್ಲ. “ನಿದ್ದಿ ಹತ್ಯಾದ, ಎಬ್ಬಿಸಬ್ಯಾಡ,” ಅಂದಳು ಅತ್ತೆ. ಮರಿಲಿಂಗಮ್ಮ ಅದನ್ನು ಪಕ್ಕಕ್ಕೆ ಹಾಕಿಕೊಂಡು ಸತ್ತವಳ ಹಾಗೆ ಮಲಗಿದಳು. ಬೆಳಗಾದಾಗ ಕೂಸಿನ ಮೈ ತಣ್ಣಗಾಗಿತ್ತು. ಮರುದಿನ ಅದಕ್ಕೆ ತೊಟ್ಟಿಲು ಕಟ್ಟಿ ಹೆಸರಿಡುವವರಿದ್ದರು.

“ಹೊರಳ್ಯಾಳವ್ವಾ. ನಿದ್ದಿಗಣ್ಣಾಗ ಹಡದ ಕೂಸಿನ ಮ್ಯಾಲ ಹೊರಳ್ಯಾಳ,” ಎಂದು ಮುದುಕಮ್ಮ ಕಾಲುವೆಯ ಕಲ್ಲುಗಳ ಬಳಿ ನಿಂತು ಎರಡೂ ದಂಡೆಯ ಹೆಂಗಸರಿಗೆ ಕೇಳುವಂತೆ ಅತ್ತಿದ್ದಳು. ಅಂದಿನಿಂದ ಓಣಿಯ ಹೆಂಗಸರು ಮರಿಲಿಂಗಮ್ಮನನ್ನು ಕಂಡರೆ ಕಂಕುಳ ಕೂಸನ್ನು ಆಚೆ ಬದಿಗೆ ಹಾಕಿಕೊಳ್ಳುತ್ತಿದ್ದರು. ಎದುರಾಡೋಣವೆಂದರೆ ಅವಳಿಗೇ ಗೊತ್ತಿರಲಿಲ್ಲ. ಹೊರಳಿದೆನೋ ಇಲ್ಲವೋ? ಆ ದಿನದಿಂದ ಅವಳು ಮಗ್ಗುಲಾಗಿ ಮಲಗಿದವಳೇ ಅಲ್ಲ. ಅಂಗಾತ ಮಲಗಿ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಬೆಳಗಿನವರೆಗೆ ಹಾಗೇ ಇರುತ್ತಿದ್ದಳು.

ಗೊಲ್ಲಾಳಮ್ಮನಿಗೆ ಪುಷ್ಯಮಾಸದ ಚಳಿಯಲ್ಲಿ ಶಹಾಪುರದ ದವಾಖಾನೆಯಲ್ಲಿ ಗಂಡುಕೂಸು ಹುಟ್ಟಿತು. ಮೂರನೆಯ ದಿನ ಮನೆಗೆ ಕರೆತಂದರು.

ಮರುದಿನದಿಂದಲೇ ಮರಿಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾಲ್ಕು ಗಂಟೆಗೆದ್ದು ಹಂಡೆಗೆ ಉರಿ ಹಾಕುತ್ತಿದ್ದಳು. ನಾದಿನಿಯ ಮೈಗೆ ಎಣ್ಣೆ ಹಚ್ಚಿ ಸೊಂಟ ನೀವಿ, ಕೆಂಪೇರುವಷ್ಟು ಬಿಸಿನೀರು ಸುರಿಯುತ್ತಿದ್ದಳು. ಶರೀಫಾಬೀ ಕೂಸಿಗೆ ಎರೆಯುವುದನ್ನು ನಾಲ್ಕು ದಿನ ನೋಡಿ ಕಲಿತು ಐದನೆಯ ದಿನ ತಾನೇ ಕಾಲು ಚಾಚಿ ಕೂತಳು. ಓಣಿಯ ಅರ್ಧ ಮಕ್ಕಳಿಗೆ ಮೊದಲ ಸ್ನಾನ ಮಾಡಿಸಿದ ಶರೀಫಾಬೀ ಬಾಯಿ ಬಿಟ್ಟು ಹೊಗಳುವವಳಲ್ಲ, ಆದರೂ ಅಂದಳು: “ಕೈ ಭಾಳ ನಾಜೂಕ್ ಅದ ನಿಂದು.”

ಮುದುಕಮ್ಮ ಬಚ್ಚಲ ಬಾಗಿಲಲ್ಲೇ ಕೂತಿರುತ್ತಿದ್ದಳು. ತಂಬಿಗೆ ಏರಿದಾಗಲೆಲ್ಲ ಅವಳ ಗಂಟಲೂ ಏರುತ್ತಿತ್ತು. “ನೀರು ಕಾದಾವ, ನೋಡು. ಕುತ್ತಿಗಿ ಹಿಡಿ. ಮೂಗಿನಾಗ ಹೋದಾವು.”

“ಹೌದ್ರಿ ಅತ್ತಿ,” ಅನ್ನುತ್ತಿದ್ದಳು ಮರಿಲಿಂಗಮ್ಮ, ತಂಬಿಗೆಯನ್ನು ಬೇಕೆಂದೇ ಒಂದು ಗೇಣು ಎತ್ತರದಲ್ಲಿ ಒಂದು ಗಳಿಗೆ ಹೆಚ್ಚು ಹಿಡಿದು. ಮುದುಕಿ ಬಿಳಿಚಿಕೊಳ್ಳುವುದನ್ನು ನೋಡಿದರೆ ಅವಳಿಗೆ ಹೊಟ್ಟೆತುಂಬ ಉಂಡಷ್ಟು ಸುಖವಾಗುತ್ತಿತ್ತು.

ಅಡುಗೆಮನೆಯಲ್ಲಿ ಇನ್ನೊಂದು ಜಗಳ.

“ಅಂಟು ಮುಗೀತ್ರಿ. ಖಾರಿಕ ಇಲ್ಲ. ಉಂಡಿಗೆ ಕೊಬ್ಬರಿ ಸಾಲಂಗಿಲ್ಲ. ಅಳವಿ ಬೀಜ ತರಸ್ರಿ.”

“ಮೊನ್ನ್ಯರ ತಂದಾನಲ್ಲ ಖಂಡಪ್ಪ. ಎಷ್ಟು ಹಾಕ್ತಿ?”

“ಬಾಣಂತಿ ಮೈ ಗಟ್ಟಿ ಆಗಬ್ಯಾಡೇನ್ರಿ? ನನಗ ಎಷ್ಟು ಹಾಕಿದ್ರಿ ಅಂತ ಹೇಳ್ರಿ, ಅಷ್ಟೇ ಹಾಕ್ತೀನಿ.”

ಮುದುಕಮ್ಮ ಎದ್ದು ಹೋದಳು. ಕೋಣೆಯ ಹೊರಸಿನ ಮೇಲೆ ಮಲಗಿದ್ದ ಗೊಲ್ಲಾಳಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಅತ್ತಿಗೆ ರೊಟ್ಟಿ ತಂದಾಗ ಅವಳು ಕೇಳಿದಳು, “ವೈನಿ, ನಿನಗ ಉಂಡಿ ಕಟ್ಟಿರಲಿಲ್ಲೇನು?”

“ಕಟ್ಟಿದ್ರು. ನಾ ಗದ್ದ್ಯಾಗಿದ್ದೆ. ಯಾರು ತಿಂದ್ರೋ.”

“ನಂಗ ಖರೇನೇ ಮಾಲೂಮಿಲ್ಲ ವೈನಿ. ನಾ ಆಗ ಹೊಸದಾಗಿ ಸುರಪುರಕ್ಕ ಹೋಗಿದ್ದೆ.”

“ಗೊತ್ತದ. ನಿನ್ನ ಮ್ಯಾಲ ನಂದೇನೂ ಇಲ್ಲ. ಬೆಳ್ಳೊಳ್ಳಿ ಖಾರ ಹಚ್ಚಕೊಂಡು ಉಣ್ಣು, ಹಾಲು ಇಳೀತಾವ.”

ಅದು ನಿಜವೇ ಆಗಿತ್ತು. ನಾದಿನಿಯ ಮೇಲೆ ಸಿಟ್ಟಿರಲಿಲ್ಲ. ಕೂಸಿನ ಮೇಲಂತೂ ಮೊದಲೇ ಇರಲಿಲ್ಲ. ಅದು ಎಣ್ಣೆಯ ಮೈಯಲ್ಲಿ ಕಾಲ ಮೇಲೆ ಜಾರುವಾಗ ಮರಿಲಿಂಗಮ್ಮನ ಎದೆ ಹಿಂಡಿಬರುತ್ತಿತ್ತು, ಆ ಸಂಕಟಕ್ಕೂ ಸೇರಿಸಿ ಅವಳು ಅತ್ತೆಯ ಮೇಲೇ ಹಲ್ಲು ಕಡಿಯುತ್ತಿದ್ದಳು.

ಕೂಸು ಹುಟ್ಟಿದ ಒಂಬತ್ತನೆಯ ದಿನ ಸಂಜೆ ಒಂದು ಘಟನೆ ನಡೆಯಿತು. ಆ ದಿನ ಶೀತಗಾಳಿ ಜೋರಾಗಿತ್ತು. ಬಾಣಂತಿಯ ಕೋಣೆಗೆ ಗಾಳಿ ನುಗ್ಗಬಾರದು, ಹೊರಸಿನ ಕೆಳಗೆ ಕೆಂಡ ಇಟ್ಟು ಮೈ ಕಾಸಬೇಕು, ಮೇಲೆ ಲೋಬಾನ ಉದುರಿಸಬೇಕು, ಬಾಗಿಲು ಹಾಕಬೇಕು. ಆ ಸೀಮೆಯಲ್ಲಿ ಹುಟ್ಟಿದ ಎಲ್ಲ ಹೆಂಗಸರಿಗೂ ಗೊತ್ತಿರುವ ಸಂಗತಿ ಇದು. ಮರಿಲಿಂಗಮ್ಮ ಮಣ್ಣಿನ ಬೋಗುಣಿ ತುಂಬ ಕೆಂಡ ತುಂಬಿ ತಂದು ಹೊರಸಿನ ಕೆಳಗೆ ಸರಿಸಿ, ಬಾಗಿಲು ಎಳೆದುಕೊಂಡಳು. ಅಷ್ಟರಲ್ಲಿ ಮುದುಕಮ್ಮ ಮುರಿದ ಕೈಯಿಂದಲೇ ಬಾಗಿಲು ನೂಕಿಕೊಂಡು ಬಂದಳು.

“ತಗಿ ಅದನ್ನ. ಹೊರಗ ಒಯ್ಯಿ. ಬಾಗಲ ತಗಿ.”

“ಗಾಳಿ ಹೊಡಿತದಲ್ರಿ.”

“ಹೊಡೀಲಿ. ಸೆಕಿ ಆಗ್ತದ ಕೂಸಿಗೆ.”

ಹಲ್ಲು ಕಟಕಟಿಸುವ ಚಳಿಯಲ್ಲಿ ಸೆಕೆ ಎಲ್ಲಿಂದ ಬಂತೆಂದು ಗೊಲ್ಲಾಳಮ್ಮ ನಕ್ಕಳು. ಮರಿಲಿಂಗಮ್ಮ ನಗಲಿಲ್ಲ. ಬಾಗಿಲು ಒಂದು ಸಂದಿ ತೆರೆದಿದ್ದರೂ ಬೈಯುತ್ತಿದ್ದ ಮುದುಕಿ ಇದು. ಮರುದಿನ ಸಂಜೆ ಬೇಕೆಂದೇ ಮತ್ತೆ ಕೆಂಡ ತಂದಳು. ಮುದುಕಿ ಮತ್ತೆ ಓಡಿಬಂದಳು. ಮೂರನೆಯ ದಿನ ಬೋಗುಣಿ ಹೊಸಲು ದಾಟುವ ಮೊದಲೇ ಮುದುಕಮ್ಮ ಅಂಗಳದಲ್ಲಿ ಅಡ್ಡ ನಿಂತಿದ್ದಳು.

ಆಗ ಮರಿಲಿಂಗಮ್ಮನಿಗೆ ತನ್ನ ಆ ಸಂಜೆ ನೆನಪಾಯಿತು. ಕೆಸರುಗಾಲಲ್ಲಿ ಬಂದಾಗ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಗವ್ವೆನ್ನುವ ಲೋಬಾನದ ವಾಸನೆ. ಗೋಡೆಯ ಬೆಳಕಿಂಡಿಗೆ ಹಳೆಯ ಅರಿವೆ ತುರುಕಿತ್ತು. ಸೀರೆಯ ಜೋಲಿಯ ಕೆಳಗೆ ಇದೇ ಬೋಗುಣಿ, ಬಾಯಿತನಕ ಬೂದಿ. ತನ್ನ ತಲೆಯೂ ಸಿಡಿಯತೊಡಗಿ, ಕೆಸರಲ್ಲಿ ನಿಂತದ್ದಕ್ಕೆ ಎಂದುಕೊಂಡಿದ್ದಳು. ಇದೆಲ್ಲ ಮೂರು ವರ್ಷದಿಂದ ಅವಳ ಕಣ್ಣಲ್ಲೇ ಇತ್ತು. ಅದನ್ನು ಒಂದಕ್ಕೊಂದು ಜೋಡಿಸಲು ಈ ಮುದುಕಿಯ ಭಯವೇ ಬೇಕಾಯಿತು.

ಮರುದಿನ ಶರೀಫಾಬೀ ಎಣ್ಣೆ ಕಾಸುತ್ತಿದ್ದಾಗ ಅವಳ ಬಳಿ ಕುಕ್ಕರಗಾಲಲ್ಲಿ ಕೂತಳು.

“ಶರೀಫಾಬೀ, ನನ್ನ ಕೂಸಿಗೆ ಕಡೀ ನೀರು ಹಾಕಿದಾಕಿ ನೀನೇ. ಅದು ಹ್ಯಾಂಗಿತ್ತು ಹೇಳು.”

“ಅದ್ಯಾಕ ಈಗ, ಬೇಟಿ?”

“ಹೇಳು.”

ಶರೀಫಾಬೀ ಒಲೆಯ ಕಟ್ಟಿಗೆ ಹಿಂದೆ ಎಳೆದಳು. “ಮೈ ಮ್ಯಾಲ ಒಂದು ಗಾಯ ಇರಲಿಲ್ಲ, ಅಪ್ಪಚ್ಚಿ ಆಗಿದ್ದಿಲ್ಲ. ತುಟಿ, ಗಲ್ಲ ಕೆಂಪಗಿದ್ದವು. ಅಷ್ಟು ಚಂದ ಹೆಣ ನಾ ನೋಡಿಲ್ಲ.” ಸ್ವಲ್ಪ ಹೊತ್ತಿನ ಮೇಲೆ ಅಂದಳು, “ನಮ್ಮ ತವರೂರಾಗ ಒಮ್ಮಿ ಕೆಂಡ ಇಟ್ಟು ಬಾಗಲ ಹಾಕ್ಕೊಂಡು ಮಲಗಿ ತಾಯಿ, ಮಗ ಇಬ್ಬರೂ ಹೋಗಿದ್ದರು. ಅವರೂ ಹಂಗೇ ಕೆಂಪಗಿದ್ದರು.”

“ಇದು ಆಗ ಯಾಕ ಹೇಳಲಿಲ್ಲ?”

“ನಿಮ್ಮತ್ತಿ ಹೊರಳ್ಯಾಳ ಅಂದ್ಲು. ಅಕಿ ಮನ್ಯಾಗ ಕೆಂಡ ಇತ್ತೋ ಇಲ್ಲೋ ನಾ ಏನು ಕಂಡೇನಿ?”

ಮರಿಲಿಂಗಮ್ಮ ಎದ್ದು ದನದ ಕೊಟ್ಟಿಗೆಗೆ ಹೋದಳು. ಎಮ್ಮೆಯ ಬೆನ್ನಿಗೆ ಹಣೆ ಒತ್ತಿ ನಿಂತು ಬಹಳ ಹೊತ್ತು ಅತ್ತಳು. ಮೂರು ವರ್ಷದ ಅಳು ಅದು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬಾಣಂತಿಗೆ ರೊಟ್ಟಿ ಬಡಿದಳು.

ಹೋಗಿ ಕೇಳಿದರೆ ಮುದುಕಿ ಒಪ್ಪುವವಳಲ್ಲ, ಗಂಡ ತಾಟಿನಿಂದ ತಲೆ ಎತ್ತುವವನಲ್ಲ. ಮುದುಕಮ್ಮ ತನ್ನ ಬಾಯಿಂದ, ನಾಲ್ಕು ಜನರೆದುರು, ತಾನಾಗಿಯೇ ಅನ್ನಬೇಕು. ಇನ್ನು ಆ ಮನೆಯಲ್ಲಿ ಮರಿಲಿಂಗಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. ಮುಂದಿನ ದಿನಗಳಲ್ಲಿ ಅವಳು ಕೆಂಡದ ಮಾತೇ ಎತ್ತಲಿಲ್ಲ. ಬಾಗಿಲು ತೆರೆದಿಟ್ಟಳು, ಗಾಳಿಗೆ ಅಡ್ಡ ಕಂಬಳಿ ಕಟ್ಟಿದಳು, ಬಾಣಂತಿಯ ಕಿವಿಗೆ ಹತ್ತಿ ಇಟ್ಟು ಅರಿವೆ ಕಟ್ಟಿದಳು. ಮುದುಕಮ್ಮನ ಮುಖ ತುಸು ಸಡಿಲವಾಯಿತು. ಸೊಸೆ ಅಷ್ಟು ಕೆಟ್ಟವಳೇನಲ್ಲ ಎಂದು ಮಗನ ಎದುರು ಒಂದು ಮಾತು ಅಂದಳಂತೆ.

ಇಪ್ಪತ್ತೊಂದನೆಯ ದಿನ ತೊಟ್ಟಿಲು ಇಟ್ಟುಕೊಂಡರು. ಸುರಪುರದಿಂದ ಬೀಗತಿ ಮಲ್ಲಾಬಾಯಿ ಐದಾರು ಹೆಂಗಸರನ್ನು ಕಟ್ಟಿಕೊಂಡು ಟೆಂಪೋದಲ್ಲಿ ಬಂದಳು. ಗಟ್ಟಿ ಧ್ವನಿಯ, ನೇರ ಮಾತಿನ ಹೆಂಗಸು. ಓಣಿಯವರೂ ಸೇರಿದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಎಲ್ಲ ಮರಿಲಿಂಗಮ್ಮನ ಕೈಯದೇ. ಕೂಸಿಗೆ ಅಮಾತೆಪ್ಪ ಎಂದು ಹೆಸರಿಟ್ಟರು. ಸೊಸೆಯ ಮೈ ತುಂಬಿದ್ದನ್ನು ಕಂಡು ಮಲ್ಲಾಬಾಯಿ, “ಬಾಣಂತನ ಮಾಡಿದ್ರ ಹಿಂಗ ಮಾಡ್ಬೇಕು ನೋಡ್ರಿ,” ಅಂದಳು. ಹೊಗಳಿಕೆಗೆ ಮುದುಕಮ್ಮನೇ ತಲೆ ಆಡಿಸಿದಳು.

ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಕೂಸು ಮಲಗಿತು. ಮರಿಲಿಂಗಮ್ಮ ಅದನ್ನು ಎತ್ತಿಕೊಂಡು ಹೋಗಿ ಒಳಕೋಣೆಯ ತೊಟ್ಟಿಲಿಗೆ ಹಾಕಿದಳು. ಅಡುಗೆಮನೆಗೆ ಹೋಗಿ, ಮಣ್ಣಿನ ಬೋಗುಣಿಯ ಮೇಲೆ ತಾಟು ಮುಚ್ಚಿ, ಅರಿವೆಯಲ್ಲಿ ಹಿಡಿದುಕೊಂಡು ಎಲ್ಲರ ನಡುವೆಯೇ ಹಾದು ಕೋಣೆಗೆ ಹೋದಳು. ಬರಿಗೈಯಲ್ಲಿ ಹೊರಬಂದಳು. ಬಾಗಿಲು ಎಳೆದು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮೊರದಲ್ಲಿ ಜೋಳ ಹಸನು ಮಾಡತೊಡಗಿದಳು.

ಮುದುಕಮ್ಮನ ಬಾಯಿಯ ಎಲೆ ಅಲ್ಲೇ ನಿಂತಿತು.

“ಬಾಗಲ ಯಾಕ ಹಾಕಿದಿ?”

“ಥಂಡಿ ಅದಲ್ರಿ ಅತ್ತಿ. ಕೂಸು ಬೆಚ್ಚಗಿರಲಿ.”

“ತಗಿ.”

“ಈಗ ಮಲಗ್ಯಾದ. ನಿದ್ದಿ ಹತ್ಯಾದ, ಎಬ್ಬಿಸಬ್ಯಾಡ್ರಿ.”

ಆ ಮಾತು ತಾನೇ ಒಮ್ಮೆ ಆಡಿದ್ದೆಂದು ಮುದುಕಮ್ಮನಿಗೆ ತಿಳಿಯಿತು. ಎದ್ದು ನಿಂತಳು. “ಖಂಡಪ್ಪಾ, ಬಾಗಲ ತಗಸು.” ಖಂಡಪ್ಪ ಹೆಂಡತಿಯನ್ನೂ ತಾಯಿಯನ್ನೂ ನೋಡಿದ. ಏನಾಗಿದೆಯೆಂದು ತಿಳಿಯದೆ ಕೂತಲ್ಲೇ ಕೂತ.

“ಯಾಕ್ರಿ ಬೀಗತೀ,” ಅಂದಳು ಮಲ್ಲಾಬಾಯಿ. “ಬಾಣಂತಿ ಕ್ವಾಣಿ ಬಾಗಲ ಹಾಕೋದು ತಪ್ಪೇನು?”

“ಒಳಗ ಕೆಂಡ ಅದರೀ.”

“ಇರಲಿ. ಎಲ್ಲರೂ ಇಡ್ತಾರ.”

ಮರಿಲಿಂಗಮ್ಮ ಮೊರದಲ್ಲಿ ಜೋಳ ಕೇರಿದಳು. ಹೊಟ್ಟು ಹಾರಿತು. “ಹೇಳ್ರಿ ಅತ್ತಿ, ಕೆಂಡ ಇದ್ರ ಏನಾಗ್ತದ?”

“ತಗೀಯೇ ನಿನ್ನ ಕಾಲಿಗೆ ಬೀಳ್ತೀನಿ. ಕೂಸು ಹೋಗ್ತದ.”

“ಹೋಗ್ತದ ಅಂತ ನಿಮಗ ಹ್ಯಾಂಗ ಗೊತ್ತು?”

ಗೊಲ್ಲಾಳಮ್ಮ ಎದ್ದು ಬಂದು ಬಾಗಿಲಿಗೆ ಕೈ ಹಾಕಿದಳು. ಮರಿಲಿಂಗಮ್ಮ ಸರಿಯಲಿಲ್ಲ, ಅವಳ ಕಣ್ಣು ಮುದುಕಿಯ ಮೇಲಿತ್ತು. ಮುದುಕಮ್ಮ ಬಂದು ಸೊಸೆಯ ಕಾಲ ಬಳಿ ಮೊಣಕಾಲೂರಿದಳು.

“ಹಂಗೇ ಹೋತಲ್ಲ ಅದು,” ಅಂದಳು. “ನಿಂದು. ನಾ ಕೆಂಡ ಇಟ್ಟು ಬಾಗಲ ಹಾಕಿ ಗದ್ದಿಗೆ ಬುತ್ತಿ ತಂದಿದ್ದೆ. ಥಂಡಿ ಆಗಬಾರದು ಅಂತ ಅರಿವಿ ತುರುಕಿದ್ದೆ. ಬಂದು ನೋಡಿದ್ರ ಕೂಸು ಜೋಲು ಬಿದ್ದಿತ್ತು. ನೀ ಬರೂ ಹೊತ್ತಾಗಿತ್ತು, ಚಿಲಕ ಹಾಕಿ ಹಿಂದ ಸರದೆ. ಈಗ ಬಾಗಲ ತಗಿ.”

ಮರಿಲಿಂಗಮ್ಮ ಮೊರ ಕೆಳಗಿಟ್ಟಳು. ಎದ್ದು ಚಿಲಕ ತೆಗೆದಳು. ಒಳಗೆ ಬೆಳಕಿಂಡಿ ಪೂರ್ತಿ ತೆರೆದಿತ್ತು, ತೊಟ್ಟಿಲಲ್ಲಿ ಕೂಸು ಮುಷ್ಟಿ ಬಿಗಿದು ಮಲಗಿತ್ತು. ಅವಳು ಬೋಗುಣಿಯನ್ನು ಹೊರಗೆ ತಂದು ಎಲ್ಲರ ನಡುವೆ ಇಟ್ಟು, ತಾಟು ತೆಗೆದು, ಮಣಿಕಟ್ಟಿನವರೆಗೆ ಕೈ ಒಳಗೆ ಅದ್ದಿದಳು. ತಣ್ಣನೆಯ ಬೂದಿ, ಹಿಂದಿನ ದಿನದ್ದು. ಆ ಬೂದಿಗೈಯನ್ನು ಅತ್ತೆಯ ಮುಖದೆದುರು ಹಿಡಿದಳು.

“ನಾ ಹೊರಳಿಲ್ಲ,” ಅಂದಳು.

ಗೊಲ್ಲಾಳಮ್ಮ ಒಳಗೋಡಿ ಕೂಸನ್ನು ಎದೆಗವಚಿಕೊಂಡು ಬಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ನನ್ನ ಕೂಸಿನ್ನ ಮುಂದಿಟ್ಟು ಆಟ ಆಡಿದಿ ವೈನಿ.”

“ಆಡಿದೆ. ಅದಕ್ಕ ಒಂದು ಸೀನು ಬರಲಾರದಂಗ ನೋಡ್ಕೊಂಡೀನಿ. ಆದರೂ ಆಡಿದೆ.”

ಗೊಲ್ಲಾಳಮ್ಮ ತಾಯಿಯ ಕಡೆ ತಿರುಗಿದಳು. “ಮೂರು ವರ್ಷ ಅಕಿ ಮ್ಯಾಲ ಹೊರಿಸಿದಿ. ನಾಳೆ ನನ್ನ ಕೈಯಾಗ ಏನರ ತಪ್ಪಾದ್ರ ನನ್ನ ಮ್ಯಾಲೂ ಹೊರಸ್ತಿದ್ದಿ.” ಮಲ್ಲಾಬಾಯಿ ಎದ್ದು, ಸೊಸೆಯ ಬಟ್ಟೆ ಕಟ್ಟಿಸಿ, ಅದೇ ಟೆಂಪೋದಲ್ಲಿ ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಹೊರಟಳು. ತವರಿನ ಬಾಣಂತನ ಅರ್ಧಕ್ಕೇ ನಿಂತಿತು. ಗೊಲ್ಲಾಳಮ್ಮ ಹೊಸಲು ದಾಟುವಾಗ ಅತ್ತಿಗೆಯ ಬೂದಿಗೈಯನ್ನು ಒಮ್ಮೆ ಹಿಡಿದಳು, ತಾಯಿಯನ್ನು ಮಾತಾಡಿಸಲಿಲ್ಲ.

ಜನ ಚದುರಿದ ಮೇಲೆ ಖಂಡಪ್ಪ ಕಂಬಕ್ಕೊರಗಿ ಕೂತ. “ಆತಲ್ಲ, ಎಲ್ಲಾರಿಗೂ ಗೊತ್ತಾತಲ್ಲ. ಮುದುಕಿ ಅದಾಳ. ಇನ್ನ ಬಿಡು,” ಅಂದ.

“ಹೋದಾಕಿ ನಿನಗೂ ಮಗಳಲ್ಲೇನು?”

ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

“ನಿಮ್ಮವ್ವ ನಾ ಹೊರಳೀನಿ ಅಂತ ಮನ್ಯಾಗ ಕುಂತು ಹೇಳಿರಲಿಲ್ಲ,” ಅಂದಳು ಮರಿಲಿಂಗಮ್ಮ. “ಕೆನಾಲಿಗೆ ಹೋಗಿ ಹೇಳಿದ್ಲು.”

ಮರುದಿನ ಹೊತ್ತೇರಿದಾಗ ಅವಳು ಬಾಣಂತಿಯ ಕೋಣೆಯ ಹಾಸಿಗೆ ಅರಿವೆಗಳನ್ನೆಲ್ಲ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು. “ಏಳ್ರಿ ಅತ್ತಿ,” ಅಂದಳು. ಮುದುಕಮ್ಮ ಮಗನ ಕಡೆ ನೋಡಿದಳು. ಮಗ ಈ ಸಲವೂ ಸುಮ್ಮನಾದ. ಮುದುಕಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ಮುಂದೆ ಮುಂದೆ ನಡೆದಳು, ಸೊಸೆ ಹಿಂದೆ.

ಕಾಲುವೆ ತುಂಬಿ ಹರಿಯುತ್ತಿತ್ತು. ತೂಬಿನ ಬಳಿ ನೀರು ಧುಮುಕುವ ಸದ್ದು. ಎರಡೂ ದಂಡೆಯ ಕಲ್ಲುಗಳ ಮೇಲೆ ಹೆಂಗಸರು ಒಗೆಯುತ್ತಿದ್ದರು. ಮುದುಕಮ್ಮ ತಾನು ಜಾರಿಬಿದ್ದ ಕಲ್ಲಿನ ಹತ್ತಿರ ನಿಂತಳು. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

“ನನ್ನ ಸೊಸಿ ಕೂಸಿನ ಮ್ಯಾಲ ಹೊರಳಿಲ್ಲವ್ವಾ. ಕೆಂಡ ನಾ ಇಟ್ಟಿದ್ದೆ. ಬಾಗಲ ನಾ ಹಾಕಿದ್ದೆ.”

ಈ ದಂಡೆಯಲ್ಲಿ ಬಟ್ಟೆ ಬಡಿಯುವ ಸದ್ದು ನಿಂತಿತು. ಆಚೆ ದಂಡೆಯಲ್ಲಿ ಒಗೆತ ನಡೆದೇ ಇತ್ತು. ಮುದುಕಮ್ಮ ಮುಖ ಮುಚ್ಚಿಕೊಂಡು ಹಿಂದಿರುಗಲು ಕಾಲೆತ್ತಿದಳು. ಮರಿಲಿಂಗಮ್ಮ ತಲೆಯ ಗಂಟು ಇಳಿಸಿ, ಕಲ್ಲು ತೊಳೆದು, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡಳು.

“ಇನ್ನೊಮ್ಮೆ ಹೇಳ್ರಿ ಅತ್ತಿ,” ಅಂದಳು. “ಆ ದಂಡ್ಯಾಗಿನವರಿಗೆ ಕೇಳಿಲ್ಲ.”